ಮೂಸಿ ನೋಡಿದ ಪೊಟ್ಟಣ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನಾಗಿದ್ದಾಗ, ಮಾಂಸ ಬಂದರೆ ಮೊದಲು ನನ್ನ ಮೂಗಿಗೆ ತೋರಿಸಬೇಕಿತ್ತು. ನಾನು ಹೂಂ ಎಂದರೆ ಒಲೆಗೆ, ಉಹೂಂ ಎಂದರೆ ವಾಪಸ್ಸು. ಎಲ್ಲರೂ ಮೂಗಣ್ಣ ಎಂದು ಕರೆಯುತ್ತಿದ್ದರು. ಅದು ಬಿರುದು ಎಂದೇ ನಾನು ತಿಳಿದಿದ್ದೆ. ನನಗೆ ನಿವೃತ್ತಿಯಾಯಿತು, ಮೂಗಿಗೆ ಆಗಲಿಲ್ಲ.

ಈಗ ನಾವು ಮಾಂಸ ತರುವುದು ದೊಡ್ಡ ದಿನಸಿ ಅಂಗಡಿಯಿಂದ. ಅಲ್ಲಿ ಅದು ತಣ್ಣನೆಯ ಕಪಾಟಿನಲ್ಲಿ ಬಿಗಿಯಾಗಿ ಪ್ಲಾಸ್ಟಿಕ್ ಹೊದ್ದು ಮಲಗಿರುತ್ತದೆ, ಮೇಲೊಂದು ತಾರೀಖು. ತಾರೀಖು ಯಾರು ಬೇಕಾದರೂ ಒತ್ತಬಹುದು, ವಾಸನೆ ಸುಳ್ಳು ಹೇಳುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಆದ್ದರಿಂದ ಅತ್ತಿತ್ತ ನೋಡಿ, ಹೆಬ್ಬೆರಳ ಉಗುರಿನಿಂದ ಮೂಲೆಯಲ್ಲಿ ಒಂದು ಸಣ್ಣ ತೂತು ಮಾಡಿ ಮೂಸುತ್ತಿದ್ದೆ. ಒಂದನ್ನು ಕೊಳ್ಳಲು ನಾಲ್ಕಕ್ಕೆ ತೂತು. ಉಳಿದವನ್ನು ಅಚ್ಚುಕಟ್ಟಾಗಿ ಜೋಡಿಸಿಟ್ಟು, ನನ್ನಂಥ ಜಾಣ ಗಿರಾಕಿ ಇಲ್ಲವೆಂದು ಬೀಗುತ್ತಾ ಮನೆಗೆ ಬರುತ್ತಿದ್ದೆ.

ಆ ಪೊಟ್ಟಣಗಳನ್ನು ಕಟ್ಟುವವಳು, ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ದುಡಿಯುವ ನನ್ನ ಹೆಂಡತಿ.

ಮೊನ್ನೆ ಸಂಜೆ ಅವಳು ಚಪ್ಪಲಿಯನ್ನೂ ಬಿಡದೆ ಬಂದು ಕುರ್ಚಿಯಲ್ಲಿ ಕುಸಿದಳು.

"ನಾನು ಸರಿಯಾಗಿ ಸೀಲ್ ಮಾಡ್ತಿಲ್ವಂತೆ. ನೀರು ಸೋರಿ ಪಕ್ಕದ ಪೊಟ್ಟಣಕ್ಕೂ ತಾಗ್ತಿದೆಯಂತೆ. ತಿಂದೋರು ಕಾಯಿಲೆ ಬಿದ್ರೆ ಯಾರು ಹೊಣೆ ಅಂತ ಮ್ಯಾನೇಜರ್ ಎಲ್ಲರ ಮುಂದೆ ಬೈದ್ರು. ಇನ್ನೊಂದು ಸಿಕ್ಕಿದ್ರೆ ಕೆಲಸದಿಂದ ತೆಗೀತಾರಂತೆ ಕಣ್ರೀ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡೆ.

"ಮಿಷನ್ ಕೆಟ್ಟಿರಬೇಕು ಬಿಡು," ಎಂದೆ. ಅಂಥ ಶೂರ ನಾನು.

ರಾತ್ರಿಯೆಲ್ಲ ಅವಳು ಮಗ್ಗುಲು ಬದಲಿಸುತ್ತಲೇ ಇದ್ದಳು. ಬೆಳಿಗ್ಗೆ ಅವಳ ಹಿಂದೆಯೇ ಅಂಗಡಿಗೆ ಹೋದೆ. ಮ್ಯಾನೇಜರು ಸೋರುವ ಪೊಟ್ಟಣವೊಂದನ್ನು ಹಿಡಿದು ಅವಳಿಗಾಗಿಯೇ ಕಾಯುತ್ತಿದ್ದರು.

"ಸಾರ್, ತೂತು ಮಾಡಿದ್ದು ಅವಳಲ್ಲ, ನಾನು," ಎಂದೆ.

"ಯಾಕ್ರೀ?"

"ಚೆನ್ನಾಗಿದೆಯಾ ಅಂತ ಮೂಸಿ ನೋಡೋಕೆ."

"ಯಜಮಾನ್ರೇ, ನೀವು ತೂತು ಮಾಡೋವರೆಗೂ ಅದು ಚೆನ್ನಾಗೇ ಇತ್ತು!"

ಬಿಲ್ಲಿನ ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಹೆಂಡತಿಯ ಕೆಲಸ ಉಳಿಯಿತು, ಮಾಂಸದ ಕಪಾಟಿನತ್ತ ಸುಳಿಯಬಾರದೆಂದು ನನಗೆ ಅಪ್ಪಣೆಯಾಯಿತು. ಮರ್ಯಾದೆ ಹೋದರೂ ಮನಸ್ಸು ಹಗುರವಾಯಿತು.

ಊಟಕ್ಕೆ ಕೂತಾಗ, ಬಡಿಸುತ್ತಿದ್ದವಳು ಸೌಟು ಎತ್ತಿದಂತೆಯೇ ನಿಂತಳು.

"ಮದುವೆಯಾದಾಗಿನಿಂದ ನಾನು ಬಡಿಸಿದ್ದನ್ನ ಒಂದಿನಾನೂ ಮೂಸಿಲ್ಲ ನೀವು. ನಾನು ಕಟ್ಟಿದ್ದನ್ನ ಯಾಕ್ರೀ ನಂಬಲಿಲ್ಲ?"

ನಿಜ ಹೇಳಿದರೆ ಕರಗುತ್ತಾಳೆಂದುಕೊಂಡೆ.

"ಅದನ್ನ ಕಟ್ಟೋಳು ನೀನು ಅಂತ ನನಗೆ ಒಮ್ಮೆನೂ ಹೊಳೀಲೇ ಇಲ್ಲ ಕಣೇ."

ಅವಳು ಸೌಟನ್ನು ಪಾತ್ರೆಯೊಳಗೆ ಬಿಟ್ಟು, ಪಾತ್ರೆಯನ್ನು ನನ್ನತ್ತ ಸರಿಸಿದಳು.

"ಹಾಗಾದ್ರೆ ನೀವೇ ಬಡಿಸ್ಕೊಳ್ಳಿ."