ಯಾವ ಟೀಮು ಎಂದು ಕೇಳಲಿಲ್ಲ

ಮಗಳ ಕಾಲೇಜಿನ ಸಾಫ್ಟ್‌ಬಾಲ್ ಫೈನಲ್ ನೋಡಲು ಹೊರಟ ದಿನ ನನ್ನ ಚೀಲದಲ್ಲಿ ನೋವಿನ ಸ್ಪ್ರೇ, ಎರಡು ಅಳತೆಯ ಬ್ಯಾಂಡೇಜು, ಓಆರ್‌ಎಸ್ ಪೊಟ್ಟಣಗಳು, ಹೊಗೆಗೆಂದು ಮಾಸ್ಕು, ಮಳೆಗೆಂದು ಛತ್ರಿ, ಜೊತೆಗೆ ಮಗಳ ಆಧಾರ್ ಕಾರ್ಡಿನ ಜೆರಾಕ್ಸು ಇದ್ದವು. ಆಧಾರ್ ಯಾಕೆ ಎಂದು ಗಂಡ ಕೇಳಿದರು. ಆಸ್ಪತ್ರೆಯಲ್ಲಿ ಕೇಳುತ್ತಾರೆ ಎಂದೆ. ಅವರು ಪೇಪರಿನ ಹಿಂದೆ ಮರೆಯಾದರು.

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತದ ಅಂಚಿನಲ್ಲಿ ‘ಒಂದು ವೇಳೆ’ ಎಂದು ಬರೆಯುತ್ತಲೇ ತಲೆ ನರೆಸಿಕೊಂಡವಳು ನಾನು. ಅಂದು ಏನೇನು ಆಗಬಹುದು ಎಂಬುದರ ಪಟ್ಟಿ ದೆಹಲಿಯ ದ್ವಾರಕಾದಲ್ಲಿ ಮೆಟ್ರೋ ಹತ್ತುವ ಮೊದಲೇ ತಯಾರಾಗಿತ್ತು. ಚೆಂಡು ಮಗಳ ಹಲ್ಲಿಗೆ ಬಡಿಯುವುದು, ಮೊಣಕಾಲು ತಿರುಚುವುದು, ತಲೆಸುತ್ತು. ಆದದ್ದು ಮಾತ್ರ ಪಟ್ಟಿಯಲ್ಲಿ ಇರಲಿಲ್ಲ.

ಮಗಳು ಕಾಲೇಜು ಟೀಮಿನ ಕ್ಯಾಚರ್. ಬ್ಯಾಟು ಹಿಡಿದವಳ ಹಿಂದೆ ಮುಖಕ್ಕೆ ಜಾಲರಿ ಕಟ್ಟಿಕೊಂಡು ಕುಕ್ಕರಗಾಲಿನಲ್ಲಿ ಕೂತು, ಯಾವ ಚೆಂಡು ಎಸೆಯಬೇಕು ಎಂದು ಎದುರಿನ ಪಿಚರ್‌ಗೆ ಬೆರಳಲ್ಲಿ ಸನ್ನೆ ಮಾಡುವುದು ಅವಳ ಕೆಲಸ. ಎದುರಾಳಿ ಹುಡುಗಿ ಓಡಿ ಪಿಚರ್‌ನ ಬೆನ್ನ ಹಿಂದಿನ ಎರಡನೇ ಬೇಸಿಗೆ ಬಂದು ನಿಂತಳೆಂದರೆ ಆ ಬೆರಳು ಅವಳಿಗೂ ನೇರ ಕಾಣುತ್ತದಂತೆ, ತನ್ನ ಕಡೆಯ ಬ್ಯಾಟಿನವಳಿಗೆ ತಿಳಿಸಿಬಿಡುತ್ತಾಳಂತೆ. ಅದಕ್ಕೆ ಮಗಳು ಬೆರಳಿನ ಬದಲು ಬಾಯಲ್ಲೇ ಕೂಗುವ ಒಂದು ಉಪಾಯ ಹುಡುಕಿದ್ದಳು. ಫೈನಲ್‌ಗೆ ನಾಲ್ಕು ದಿನ ಮೊದಲು ಚಪಾತಿಗೆ ತುಪ್ಪ ಸವರಿಕೊಳ್ಳುತ್ತ ನನಗೆ ಹೇಳಿದಳು.

“ಅಮ್ಮ, ಬೆಲ್ಲ ಅಂದ್ರೆ ಸ್ಲೋ ಬಾಲ್. ಮೆಣಸು ಅಂದ್ರೆ ಫಾಸ್ಟ್. ಉಪ್ಪು ಅಂದ್ರೆ ಬಾಹರ್‌ವಾಲಾ, ಔಟ್‌ಸೈಡ್. ಪಿಚರ್‌ಗೆ ಸಿಖಾ ದಿಯಾ. ರೋಹ್ತಕ್‌ನವಳು, ಮೆಣಸು ಅನ್ನಕ್ಕೆ ಎರಡು ದಿನ ತಗೊಂಡ್ಲು.”

ನಾನು ಲಟ್ಟಣಿಗೆ ಹಿಡಿದು ನಿಂತೇಬಿಟ್ಟೆ. ಅವಳ ಕನ್ನಡ ಅಡುಗೆಮನೆಯ ಬಾಗಿಲು ದಾಟಿದ್ದಿಲ್ಲ. ‘ಹಸಿವು’, ‘ಸಾಕು’, ‘ಉಪ್ಪು’, ‘ಇನ್ನೊಂಚೂರು’ ಎಂದು ನನ್ನೊಬ್ಬಳ ಜೊತೆ ಆಡುವ ಹಿಂದಿ ಬೆರೆತ ಮಾತು, ಅಷ್ಟೇ. ಊರಿಗೆ ಹೋದಾಗ ನನ್ನ ಅಕ್ಕಂದಿರು ಇದಕ್ಕಾಗಿ ನನ್ನನ್ನು ಹಂಗಿಸದ ವರ್ಷವಿಲ್ಲ. ಅಷ್ಟೇ ಅಷ್ಟು ಕನ್ನಡವನ್ನು ಈ ಹುಡುಗಿ ಮೈದಾನಕ್ಕೆ ಕೊಂಡೊಯ್ದಿದ್ದಳು.

“ಯಾರಿಗೂ ಹೇಳ್ಬೇಡ. ಅಪ್ಪಂಗೂ ಬೇಡ, ಅಪ್ಪ ಸೊಸೈಟಿ ವಾಟ್ಸಾಪ್ ಗ್ರೂಪಲ್ಲಿ ಹಾಕ್ಬಿಡ್ತಾರೆ. ಲಾಸ್ಟ್ ಇಯರ್ ಇದು, ಅಮ್ಮ. ಇನ್ನೊಂದು ಫೈನಲ್ ಸಿಗಲ್ಲ.”

“ನಾನ್ಯಾರಿಗೆ ಹೇಳ್ಲಿ?” ಎಂದೆ.

ಪಂದ್ಯ ನಡೆದದ್ದು ಉತ್ತರ ದೆಹಲಿಯ ಒಂದು ಮೈದಾನದಲ್ಲಿ. ಒಂದೇ ಶಾಮಿಯಾನ, ಅದರಡಿ ಬಾಡಿಗೆ ಕುರ್ಚಿಗಳು, ಎರಡೂ ಕಡೆಯ ಮನೆಮಂದಿ ಕಲಬೆರಕೆಯಾಗಿ ಕೂತಿದ್ದರು. ಬೆಂಚಿನ ಹತ್ತಿರ ಬರಕೂಡದು ಎಂದು ಮಗಳು ಮೊದಲೇ ತಾಕೀತು ಮಾಡಿದ್ದಳು. ಸೆಮಿಫೈನಲ್‌ನಲ್ಲಿ ನಾನು ನಡುವೆ ಹೋಗಿ ಓಆರ್‌ಎಸ್ ಕುಡಿಸಿದ್ದು ಇಡೀ ಟೀಮಿಗೆ ನಗೆಯಾಗಿತ್ತು. ಹಾಗಾಗಿ ಹಿಂದಿನ ಸಾಲಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸಭ್ಯಳಾಗಿ ಕೂತೆ.

ಮೂರನೇ ಇನ್ನಿಂಗ್ಸ್‌ನಲ್ಲಿ ಎದುರಾಳಿಯೊಬ್ಬಳು ಎರಡನೇ ಬೇಸ್ ತಲುಪಿದಳು. ಜಾಲರಿಯೊಳಗಿಂದ ಮಗಳ ದನಿ ಬಂತು. “ಮೆಣಸು, ಮೆಣಸು.” ಚೆಂಡು ಸುಯ್ಯೆಂದು ಬಂತು, ಬ್ಯಾಟು ಗಾಳಿ ಬೀಸಿತು.

ಪಕ್ಕದ ಕುರ್ಚಿಯ ಹೆಂಗಸು ಕಿಸಕ್ಕನೆ ನಕ್ಕರು. “ಅಯ್ಯೋ, ಇದೆಂತದು ಮಾರಾಯ್ರೆ, ಇಲ್ಲಿ ಮೆಣಸು ಮಾರುವವರು ಯಾರು?” ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

ದೆಹಲಿಯಲ್ಲಿ ಬದುಕಿದವರಿಗೆ ಇದು ಅರ್ಥವಾಗುತ್ತದೆ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ ಹಿಂದಿನಿಂದ ಒಂದು ಕನ್ನಡದ ಮಾತು ಕಿವಿಗೆ ಬಿದ್ದರೆ ಕತ್ತು ತಾನಾಗಿ ತಿರುಗುತ್ತದೆ. ಬುದ್ಧಿಯ ಅಪ್ಪಣೆ ಕೇಳುವುದಿಲ್ಲ.

“ನೀವು ಕನ್ನಡದವರಾ?”

“ಹೌದಾ, ನೀವೂವಾ? ಊರೆಲ್ಲಿ ಆಯ್ತು?”

ಆಮೇಲಿನದು ನಮ್ಮವರ ರೂಢಿಯ ಶಾಸ್ತ್ರ. ನಮ್ಮದು ತುಮಕೂರು, ಅವರದು ಕುಂದಾಪುರದ ಕಡೆ. ದೆಹಲಿಯ ಪೀತಮ್‌ಪುರಾದಲ್ಲಿ ಅವರ ಗಂಡನ ಹೋಟೆಲು. ನನ್ನ ನಾದಿನಿಯ ವಾರಗಿತ್ತಿಯ ತವರು ಅವರಿಗೆ ಗೊತ್ತು. ಒಳ್ಳೆ ಬ್ಯಾಡಗಿ ಮೆಣಸಿನಕಾಯಿ ಎಲ್ಲಿ ಸಿಗುತ್ತದೆ, ಇಲ್ಲಿಯ ನೀರಿಗೆ ಇಡ್ಲಿ ಯಾಕೆ ಗಟ್ಟಿ, ಯಾವ ಸಚಿವಾಲಯದಲ್ಲಿ ಯಾರು ಡೈರೆಕ್ಟರು, ಎಲ್ಲವನ್ನೂ ಅರ್ಧ ಇನ್ನಿಂಗ್ಸ್‌ನಲ್ಲಿ ಮುಗಿಸಿದೆವು. ಅವರು ಸ್ಟೀಲ್ ಡಬ್ಬಿ ತೆರೆದರು. ಗೋಳಿಬಜೆ ಇನ್ನೂ ಬೆಚ್ಚಗಿತ್ತು. “ತಿನ್ನಿ, ತಿನ್ನಿ. ಈ ಊರಲ್ಲಿ ಬ್ರೆಡ್ ಪಕೋಡ ತಿಂದು ತಿಂದು ಹೊಟ್ಟೆ ಹಾಳು.”

ಊರು ಕೇಳಿದೆ, ಕುಲ ಸುತ್ತಿಬಳಸಿ ಕೇಳಿದೆ, ಯಾವ ಟೀಮು ಎಂದು ಮಾತ್ರ ಕೇಳಲಿಲ್ಲ. ಕನ್ನಡ ಬಂದಮೇಲೆ ನಮ್ಮವರೇ ಎಂದುಕೊಂಡೆ.

“ಹಾಗಾದ್ರೆ ಆ ಮೆಣಸು ನಿಮ್ಮ ಮಗಳದ್ದಾ?” ಎಂದರು. “ಅದೆಂತಕ್ಕೆ ಕೂಗುದು?”

ನಾನು ಹೇಳಿದೆ. ಹೇಳಿದ್ದಷ್ಟೇ ಅಲ್ಲ, ವಿವರಿಸಿದೆ. ಬೆಲ್ಲ ಇದು, ಉಪ್ಪು ಇದು, ರೋಹ್ತಕ್‌ನ ಹುಡುಗಿ ಎರಡು ದಿನ ಕಲಿತದ್ದು. ಸರಿಯಾಗಿ ಕನ್ನಡ ಬರದ ಮಗಳು ಎಂದು ಇಪ್ಪತ್ತು ವರ್ಷ ತಲೆ ತಗ್ಗಿಸಿದ್ದ ನನಗೆ ಅವತ್ತು ಕೇಳುವವರೊಬ್ಬರು ಸಿಕ್ಕಿದ್ದರು. ಅವರು ಗಲ್ಲಕ್ಕೆ ಕೈಯಿಟ್ಟುಕೊಂಡು ಕೇಳಿದರು. “ಎಂಥಾ ಬುದ್ಧಿ ಮಾರಾಯ್ರೆ ನಿಮ್ಮ ಮಗಳಿಗೆ” ಎಂದರು. ಆ ಮಾತು ಸುಳ್ಳಾಗಿರಲಿಲ್ಲ. ಅದೇ ಇಂದಿಗೂ ಉರಿಯುತ್ತದೆ.

ಆರನೇ ಇನ್ನಿಂಗ್ಸ್ ಮುಗಿದಾಗ ನಮ್ಮವರು ಒಂದು ರನ್ ಮುಂದಿದ್ದರು. ಹೆಂಗಸು ಎದ್ದು, “ಮಗಳಿಗೆ ಸ್ವಲ್ಪ ನೀರು ಕೊಟ್ಟು ಬರ್ತೇನೆ” ಎಂದು ಹೊರಟರು. ನಾನೇ ಬಾಟಲಿ ಎತ್ತಿ ಅವರ ಕೈಗೆ ಕೊಟ್ಟೆ ಕೂಡ. ಅವರು ನಡೆದು ಹೋದದ್ದು ನೀಲಿ ಅಂಗಿಯವರ ಬೆಂಚಿಗೆ. ನನ್ನ ಮಗಳದು ಹಳದಿ.

ತಂತಿಬೇಲಿಯ ಆಚೆ ಒಬ್ಬ ಎತ್ತರದ ಹುಡುಗಿ ಬಗ್ಗಿ ನಿಂತು ಕೇಳಿಸಿಕೊಂಡಳು. ನೀರು ಕೊಡಲು ಅಷ್ಟು ಹೊತ್ತು ಬೇಕಾಗಿಲ್ಲ. ಹುಡುಗಿ ಒಮ್ಮೆ ಹೋಗಿ ಮಿಕ್ಕವರ ಕಿವಿಯಲ್ಲಿ ಏನೋ ಅಂದಳು.

ಆಗ ನಾನು ಏಳಬಹುದಿತ್ತು. ಮೂವತ್ತು ಹೆಜ್ಜೆ ನಡೆದರೆ ಮಗಳ ಬೆಂಚು. ‘ಮಾತು ಬದಲಿಸು’ ಎಂದಿದ್ದರೆ ಸಾಕಿತ್ತು. ನೂರು ಸಲ ಇಲ್ಲದ ಅಪಾಯಕ್ಕೆ ಎದ್ದು ಓಡಿದ ಕಾಲುಗಳು ಇವು. ಆದರೆ ಬದಲಿಸು ಎಂದರೆ ಯಾಕೆ ಎಂದು ಕೇಳುತ್ತಾಳೆ, ಯಾಕೆ ಎಂದರೆ ನಾನು ಹೇಳಿದೆ ಎನ್ನಬೇಕು. ಒಂದು ವೇಳೆ ಅವರು ನೀರನ್ನಷ್ಟೇ ಕೊಟ್ಟಿದ್ದರೆ, ಎಂದುಕೊಂಡೆ. ಜೀವಮಾನದಲ್ಲಿ ಮೊದಲ ಬಾರಿಗೆ ಒಳ್ಳೆಯದನ್ನೇ ಊಹಿಸಿಕೊಂಡು ಕೂತೆ.

ಅವರು ಮರಳಿ ಬಂದು ಪಕ್ಕದಲ್ಲೇ ಕೂತರು. “ಇನ್ನೊಂದು ತಗೊಳ್ಳಿ” ಎಂದು ಡಬ್ಬಿ ಚಾಚಿದರು. ನಾನು ತಗೊಂಡೆ. ಬೇಡ ಅನ್ನುವುದು ಹೇಗೆ ಎಂದು ತಿಳಿಯಲಿಲ್ಲ.

ಏಳನೆಯದು ಕೊನೆಯ ಇನ್ನಿಂಗ್ಸ್. ನೀಲಿಯವರ ಇಬ್ಬರು ಔಟಾದರು, ಇಬ್ಬರು ಒಂದನೇ, ಎರಡನೇ ಬೇಸಿನಲ್ಲಿ ನಿಂತರು. ಬ್ಯಾಟು ಹಿಡಿದು ಬಂದವಳು ಆ ಎತ್ತರದ ಹುಡುಗಿ. ನನ್ನ ಮಗಳು ಕೂಗಿದಳು. “ಬೆಲ್ಲ.” ಹುಡುಗಿ ಅವಸರಪಡದೆ, ಹಾಲು ಉಕ್ಕುವುದನ್ನು ಕಾಯುವವಳ ಹಾಗೆ ಕಾದಳು. ನಿಧಾನದ ಚೆಂಡು ಬಂದು ಸೇರುವಷ್ಟರಲ್ಲಿ ಬ್ಯಾಟು ಸಿದ್ಧವಾಗಿತ್ತು. ಹೊಡೆತಕ್ಕೆ ಚೆಂಡು ಎಡಗಡೆ ಕಾಯುತ್ತಿದ್ದವಳ ತಲೆ ದಾಟಿತು. ಬೇಸಿನಲ್ಲಿದ್ದ ಇಬ್ಬರೂ ಓಡಿ ಹೋಮ್ ಪ್ಲೇಟ್ ಮುಟ್ಟಿದರು, ಎರಡು ರನ್. ಪಂದ್ಯ ಮುಗಿಯಿತು.

ಪಕ್ಕದ ಹೆಂಗಸು ಚಪ್ಪಾಳೆ ತಟ್ಟುತ್ತ ಎದ್ದವರು ನನ್ನ ಭುಜ ಮುಟ್ಟಿದರು. “ಬೇಜಾರು ಮಾಡ್ಬೇಡಿ, ಮಕ್ಕಳ ಆಟ ಅಲ್ವಾ. ನನ್ನದೂ ಮಗಳೇ ಅಲ್ವಾ.”

“ನಾನು ನಿಮ್ಮನ್ನ ನಂಬಿ ಹೇಳಿದ್ದು” ಎಂದೆ.

“ನಂಬಬೇಡಿ ಅಂತ ನಾನೆಲ್ಲಿ ಹೇಳಿದೆ? ನೀವು ಕೇಳಲೇ ಇಲ್ಲ.”

ಮೈದಾನದಲ್ಲಿ ಮಗಳು ಜಾಲರಿ ತೆಗೆದು ಶಾಮಿಯಾನದತ್ತ ನೋಡಿದಳು. ನೀಲಿ ಹುಡುಗಿ ಓಡಿಬಂದು ನನ್ನ ಪಕ್ಕದ ಹೆಂಗಸನ್ನು “ಅಮ್ಮಾ” ಎಂದು ಅಪ್ಪಿಕೊಂಡದ್ದನ್ನು ನೋಡಿದಳು. ನನ್ನ ಕೈಯಲ್ಲಿದ್ದ ಗೋಳಿಬಜೆಯನ್ನೂ ನೋಡಿದಳು.

ಮೆಟ್ರೋದಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಮೊಣಕೈ ತರಚಿತ್ತು. ಬ್ಯಾಂಡೇಜು ತೆಗೆದು ಚಾಚಿದೆ, ತಗೊಳ್ಳಲಿಲ್ಲ. ರಾಜೀವ್ ಚೌಕದಲ್ಲಿ ಇಳಿದು ಗಾಡಿ ಬದಲಿಸಿದ ಮೇಲೆ ಕೇಳಿದಳು.

“ಆಪ್ನೇ ಬತಾಯಾ?”

ನೀವು ಹೇಳಿದಿರಾ ಎಂದು. ಅವಳು ನನ್ನನ್ನು ‘ಆಪ್’ ಎಂದು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಎದುರಾಳಿಯ ಟೀಮೆಂದು ಗೊತ್ತಿರಲಿಲ್ಲ, ಆ ಹೆಂಗಸು ನನಗೂ ಮೋಸ ಮಾಡಿದಳು, ಎಂಬ ಮಾತುಗಳು ಸಾಲಾಗಿ ನಾಲಗೆಗೆ ಬಂದವು. ಅವೆಲ್ಲ ನಿಜವೇ. ಆದರೆ ಆರನೇ ಇನ್ನಿಂಗ್ಸ್‌ನ ನಂತರ ಗೊತ್ತಿತ್ತು.

“ಹೌದು” ಎಂದೆ. “ಆಮೇಲೆ ಗೊತ್ತಾಯ್ತು. ಆದ್ರೂ ಬಂದು ಹೇಳ್ಲಿಲ್ಲ.”

ಅವಳು ತಲೆಯಾಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಆ ಸಂಜೆ ಊಟಕ್ಕೆ ಕೂತಾಗ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಗಾಬರಿಯಲ್ಲಿ ಹಾಕಲು ಮರೆತಿದ್ದೆ. ಮಗಳು ಒಂದು ತುತ್ತು ತಿಂದು ತಟ್ಟೆ ನೋಡುತ್ತಲೇ ಕೈ ಚಾಚಿದಳು.

“ನಮಕ್ ದೇನಾ” ಎಂದಳು.

ಉಪ್ಪಿನ ಡಬ್ಬಿಯನ್ನು ಅವಳ ಕಡೆ ಸರಿಸಿದೆ.