ಎಡಕ್ಕೆ ಹಾರುವ ಕಾರು

ಕಾರು ಕೆಟ್ಟವನಿಗೆ ನಮ್ಮ ಮರ್ಕಂಜದಲ್ಲಿ ಸಲಹೆಗೆ ಬರಗಾಲವಿರಲಿಲ್ಲ. ನಮ್ಮ ಕಡೆ ಇದ್ದದ್ದು ಒಂದೇ ಕಾರು, ಅದೂ ನನ್ನದು. ಅದರ ರೋಗ ಹೇಳಬಲ್ಲವರು ಮಾತ್ರ ಮನೆಗೊಬ್ಬರಿದ್ದರು. ಬಾನೆಟ್ ಎತ್ತಿದ ಕೂಡಲೇ ಬಾಯಿಯ ಎಲೆಯಡಿಕೆಯನ್ನು ಒಂದು ಬದಿಗೆ ತಳ್ಳಿ ಒಳಗೆ ಬಗ್ಗುತ್ತಿದ್ದರು. ಅವರನ್ನು ತಮಾಷೆ ಮಾಡುವ ಯೋಗ್ಯತೆ ನನಗೂ ಇಲ್ಲ ಬಿಡಿ. ಎರಡು ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಬೇಕಾದ್ದಕ್ಕಿಂತ ಹೆಚ್ಚು ಧೈರ್ಯ, ಇಷ್ಟೇ ನನ್ನ ಬಂಡವಾಳ.

ಕಾರು ವಿಲಾಯತಿಯದು, ಯುದ್ಧಕ್ಕೆ ಮೊದಲಿನದು. ಕಡಬದ ಸಾಹುಕಾರರೊಬ್ಬರ ಕೊಟ್ಟಿಗೆಯಲ್ಲಿ ಕೋಳಿಗಳು ಅದರೊಳಗೆ ಮೊಟ್ಟೆಯಿಡುತ್ತಿದ್ದವು. ಅದನ್ನು ಮನೆಗೆ ತಂದ ದಿನ ನನ್ನ ಹೆಂಡತಿ ಶಂಕರಿಗೆ ಸಂತೋಷವಾಯಿತೋ, ಮನೆ ಕಳೆದುಕೊಂಡ ಕೋಳಿಗಳ ಬಗ್ಗೆ ಮರುಕವಾಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮನಿಗೆ ಮಾತ್ರ ಅದರ ಮೇಲೆ ವಿಪರೀತ ಪ್ರೀತಿ. ಅವಳ ಎರಡೂ ಕಣ್ಣುಗಳಿಗೆ ಪೊರೆ ಬಂದಿತ್ತು. ಕಾರನ್ನು ಅವಳು ಕಂಡದ್ದು ಕೈಯಿಂದ. ಹಟ್ಟಿಗೆ ಹೊಸ ಕರು ಬಂದಾಗ ಮಾಡುವಂತೆ ಅದರ ಮೈಯನ್ನೆಲ್ಲ ಸವರಿ, ತುಂಬಾ ಬಡವಾಗಿದೆ, ಚೆನ್ನಾಗಿ ನೋಡಿಕೊಳ್ಳಬೇಕು ಎಂದಿದ್ದಳು.

ಆ ವರ್ಷ ದೀಪಾವಳಿ ಕಳೆದದ್ದೇ ತಡ, ಕಾರಿಗೊಂದು ಚಾಳಿ ಹತ್ತಿತು. ಬ್ರೇಕನ್ನು ಎಷ್ಟು ಮೆಲ್ಲನೆ ಒತ್ತಿದರೂ ಎಡಗಡೆಯ ಮುಂದಿನ ಚಕ್ರ ಗಪ್ಪನೆ ಕಚ್ಚಿಕೊಳ್ಳುವುದು, ಕಾರು ಮೂತಿ ತಿರುಗಿಸಿ ಚರಂಡಿಯ ಕಡೆಗೆ ಹಾರುವುದು. ಬೆಳಗಿನ ಚಳಿಯಲ್ಲಂತೂ ಅದರ ಹಟ ಹೇಳತೀರದು. ಒಮ್ಮೆ ಸುಳ್ಯ ಪೇಟೆಯಲ್ಲಿ ನೇರ ಹೋಗಬೇಕಾದವನು ಚಹಾದಂಗಡಿಯ ಮೆಟ್ಟಿಲಿಗೆ ಹೋಗಿ ನಿಂತೆ. ಅಂಗಡಿಯವರು ಉಪಚಾರ ಮಾಡಿ ಕೂರಿಸಿದರು. ಮರ್ಯಾದೆ ಉಳಿಸಿಕೊಳ್ಳಲು, ಬೇಡದ ಚಹಾ ಕುಡಿದು ಬಂದೆ.

ಚಹಾ ಕುಡಿದರೆ ಮುಗಿಯುವ ತಾಪತ್ರಯವಾಗಿದ್ದರೆ ನಾನು ಹಾಗೆಯೇ ದಿನ ದೂಡುತ್ತಿದ್ದೆನೋ ಏನೋ. ಆದರೆ ಚಳಿಗಾಲದಲ್ಲಿ ಅಮ್ಮನ ಒಂದು ಕಣ್ಣಿನ ಪೊರೆ ತೆಗೆಸಲು ಅವಳನ್ನು ಬಸ್ಸಿನಲ್ಲಿ ಪುತ್ತೂರಿಗೆ ಕರೆದೊಯ್ದೆವು. ಆಪರೇಶನ್ ಚೆನ್ನಾಗಿಯೇ ಆಯಿತು. ತಲೆ ಅಲುಗದಂತೆ ಎರಡೂ ಬದಿಗೆ ಮರಳಿನ ಚೀಲ ಇಟ್ಟು ಮಲಗಿಸಿದ್ದರು, ಅಕ್ಕ ಜೊತೆಗಿದ್ದಳು. ಡಾಕ್ಟರು ನನ್ನನ್ನು ಕರೆದು, ಸೋಮವಾರ ಮನೆಗೆ ಕರೆದುಕೊಂಡು ಹೋಗಬಹುದು, ಆದರೆ ಬಸ್ಸು ಬೇಡ, ಕಾರಿನಲ್ಲೇ ಆಗಬೇಕು ಎಂದರು. ಒಂದು ಕುಲುಕಿಗೆ ಹೊಲಿಗೆ ಬಿಟ್ಟರೂ ಆ ಕಣ್ಣಿನ ಆಸೆ ಬಿಡಬೇಕಂತೆ. ಪುತ್ತೂರಿನ ಬಾಡಿಗೆ ಕಾರಿನವರನ್ನು ಕೇಳಿದೆ. ನಮ್ಮ ಮನೆಗಿಳಿಯುವ ಇಳಿಜಾರಿನ ಹೆಸರೆತ್ತಿದ್ದೇ ಅವರು ಕೈ ಮುಗಿದರು. ಉಳಿದದ್ದು ನನ್ನದೇ ಕಾರು. ಅದರ ಗುಣ ಡಾಕ್ಟರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಈ ಜಾತಿಯ ಬ್ರೇಕು ಕೆಲಸ ಮಾಡುವ ಕ್ರಮ ಬಲು ಸರಳ. ಚಕ್ರದ ಹಿಂದೆ ಬೋಗುಣಿಯಂಥ ಒಂದು ಡ್ರಮ್ಮು, ಅದರೊಳಗೆ ಅರ್ಧಚಂದ್ರದ ಆಕಾರದ ಎರಡು ಶೂಗಳು, ಅವುಗಳ ಬೆನ್ನಿಗೆ ದಪ್ಪನೆಯ ಪಟ್ಟಿ. ಪೆಡಲು ಒತ್ತಿದರೆ ಶೂಗಳು ಅಗಲಿ, ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತಿ ನಿಲ್ಲಿಸುತ್ತವೆ. ಹೊರಗಿನವರಿಗೆ ಏನೂ ಕಾಣಿಸುವುದಿಲ್ಲ. ಮನೆಯ ಹೆಂಗಸರು ಗಂಡಸರನ್ನು ನಿಲ್ಲಿಸುವುದೂ ಹೀಗೆಯೇ ಅಲ್ಲವೇ? ನಾನು ಡ್ರಮ್ಮು ಕಳಚಿದೆ. ಸ್ಪ್ರಿಂಗು ಸರಿ ಇತ್ತು. ಡ್ರಮ್ಮಿನ ಒಳಗೆ ಬೆರಳಾಡಿಸಿದೆ, ಅದರ ಉರುಟು ಆಕಾರ ಕೆಟ್ಟಿರಲಿಲ್ಲ. ಶೂಗಳನ್ನು ಸ್ವಲ್ಪ ಸಡಿಲ ಮಾಡಿ ಓಡಿಸಿ ನೋಡಿದರೆ ಮತ್ತೆ ಅದೇ ಹಾರಾಟ. ಪಕ್ಕದ ಮನೆಯವರು ದೃಷ್ಟಿ ತಾಗಿದೆ ಎಂದರು. ಥಂಡಿ ಹಿಡಿದಿದೆ ಎಂದು ನನ್ನ ತೀರ್ಪು. ಶೂಗಳನ್ನು ತೆಗೆದು, ಅಂಗಳದಲ್ಲಿ ಹರಡಿದ ಅಡಿಕೆಯ ನಡುವೆ ಬಿಸಿಲಿಗಿಟ್ಟೆ.

ಮಧ್ಯಾಹ್ನ ಅಡಿಕೆಯನ್ನು ಕಾಲಿನಿಂದ ಕೆದಕುತ್ತಿದ್ದ ಶಂಕರಿ ನಿಂತು ಮೂಗರಳಿಸಿದಳು. ಬಗ್ಗಿ ಶೂ ಎತ್ತಿ ಮೂಸಿದಳು.

"ನೋಡಿ, ಇದು ಅತ್ತೆಯ ಎಣ್ಣೆ ಅಲ್ವಾ?"

ಹೌದು. ಒಂದೆಲಗ ಹಾಕಿ ಕಾಯಿಸಿದ, ಹುಟ್ಟಿದಂದಿನಿಂದ ನನ್ನ ತಲೆಗೆ ತಿಕ್ಕಿಸಿಕೊಂಡ ಅದೇ ತೆಂಗಿನೆಣ್ಣೆ. ನರಕ ಚತುರ್ದಶಿಯ ಬೆಳಿಗ್ಗೆ ಮನೆಯಲ್ಲಿ ಯಾರ ಮೈಗೂ ಎಣ್ಣೆ ತಪ್ಪಬಾರದು ಎಂಬುದು ಅಮ್ಮನ ಕಟ್ಟಳೆ. ಮಕ್ಕಳು, ಮೊಮ್ಮಕ್ಕಳು, ಕೆಲಸದವರು ಎಲ್ಲರದೂ ಆದಮೇಲೆ ಅವಳು ಗಿಂಡಿ ಹಿಡಿದು, ಗೋಡೆ ತಡವುತ್ತ ಕಾರು ನಿಲ್ಲಿಸುವ ಮಾಡಿನ ಕಡೆಗೆ ಹೋದದ್ದು ಶಂಕರಿಗೆ ಈಗ ನೆನಪಾಯಿತು. ಕಾರಿನ ಬಲಬದಿಗೆ ಕಟ್ಟಿಗೆಯ ರಾಶಿ. ಕೈಗೆ ಸಿಕ್ಕಿದ್ದು ಎಡಬದಿ. ಚಕ್ರದ ತೂತಿಗೆ ಬೆರಳು ತಾಗಿದಾಗ, ಮಗುವಿನ ಕಿವಿಗೆ ಬಿಟ್ಟಂತೆ ಅದಕ್ಕೂ ಬಿಟ್ಟಿದ್ದಾಳೆ, ಅದು ಡ್ರಮ್ಮಿನೊಳಗೆ ಇಳಿದಿದೆ. ಎಣ್ಣೆ ತಾಗಿದರೆ ಬ್ರೇಕು ಜಾರುತ್ತದೆಂದು ನಾನು ತಿಳಿದಿದ್ದೆ. ಪಟ್ಟಿ ಎಣ್ಣೆ ಕುಡಿದು ಅಂಟಂಟಾದರೆ ಕಚ್ಚುವುದೂ ಉಂಟಂತೆ. ಚಳಿಗೆ ಹೆಪ್ಪುಗಟ್ಟುವ ತೆಂಗಿನೆಣ್ಣೆಯಾದರೆ ಕೇಳುವುದೇ ಬೇಡ. ನನಗೆ ಮೊದಲು ನಗು ಬಂತು. ಆಮೇಲೆ ಆ ಶೂ ಕೈಯಲ್ಲಿ ಹಿಡಿದುಕೊಂಡೇ ಅಳುವೂ ಬಂತು.

"ಅತ್ತೆಗೆ ಹೇಳುದು ಬೇಡ," ಎಂದಳು ಶಂಕರಿ. "ಮುಂದಿನ ದೀಪಾವಳಿಗೆ ಕೈ ಹಿಡಿದು ಬಾನೆಟ್ಟಿಗೆ ಹಚ್ಚಿಸುವಾ."

ಪುತ್ತೂರಿಗೆ ಬಸ್ಸಿನಲ್ಲಿ ಒಯ್ದು ಎರಡೂ ಬದಿಯ ಶೂಗಳಿಗೆ ಹೊಸ ಪಟ್ಟಿ ಹಾಕಿಸಿದೆ. ಒಂದು ಬದಿಗೆ ಮಾತ್ರ ಹಾಕಿದರೆ ಕಾರು ಮತ್ತೆ ಪಕ್ಷಪಾತ ಮಾಡುತ್ತದೆ. ಡ್ರಮ್ಮನ್ನು ಪೆಟ್ರೋಲಿನಲ್ಲಿ ತೊಳೆದು, ಶೂ ತಾಗಿಯೂ ತಾಗದಷ್ಟು ಅಂತರ ಇಟ್ಟು ಕೂರಿಸಿದೆ. ಆಮೇಲೆ ಶಂಕರಿಯ ಮಡಿಲಿಗೆ ಕಂಠಮಟ್ಟ ನೀರು ತುಂಬಿದ ಚೆಂಬು ಕೊಟ್ಟು ಹಿಂದೆ ಕೂರಿಸಿ, ಓಡಿಸುವುದು, ನಿಲ್ಲಿಸುವುದು, ಇಳಿದು ಶೂಗಳ ಅಂತರದ ತಿರುಪು ತಿರುಗಿಸುವುದು. ಅವಳ ಸೀರೆ ಒದ್ದೆಯಾಗುವುದು ನಿಂತ ಮೇಲೆಯೇ ನಾನು ಸೋಮವಾರಕ್ಕೆ ತಯಾರಾದದ್ದು. ಅಷ್ಟು ಹೊತ್ತು ಅವಳು ಒಂದೇ ಒಂದು ಸಲವೂ ಗೊಣಗಲಿಲ್ಲ. ಅಂಥದ್ದೆಲ್ಲ ಗಂಡಸರಿಗೆ ಅರ್ಥವಾಗುವುದು ತಡ.

ಸೋಮವಾರ ಅಮ್ಮ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ದಿಂಬುಗಳ ನಡುವೆ, ಅಕ್ಕನ ಹೆಗಲಿಗೊರಗಿ ಕೂತಳು. ಎತ್ತಿನ ಗಾಡಿಯವರೂ ನನ್ನನ್ನು ಹಿಂದೆ ಹಾಕಿ ಹೋದರು. ಜಾಲ್ಸೂರಿನ ಹತ್ತಿರ ಒಂದು ದನ ರಸ್ತೆಗೆ ಅಡ್ಡ ಬಂದಾಗ ಬ್ರೇಕು ಒತ್ತಿದೆ. ಕಾರು ಸದ್ದಿಲ್ಲದೆ ನಿಂತಿತು. ಕೊನೆಗೆ ನಮ್ಮ ಇಳಿಜಾರು. ಪೆಡಲಿನ ಮೇಲೆ ಕಾಲಿಟ್ಟು, ಉಸಿರು ಬಿಡದೆ ಇಳಿಸಿದೆ. ಅಂಗಳದಲ್ಲಿ ಶಂಕರಿ ಸೆರಗು ಬಾಯಿಗೊತ್ತಿ ನಿಂತಿದ್ದಳು. ಅವಳ ಮುಂದೆಯೇ ಕಾರು ನಿಂತಿತು.

ಆ ಕಣ್ಣು ಉಳಿದದ್ದು, ಅಮ್ಮ ದಪ್ಪ ಕನ್ನಡಕ ಹಾಕಿಕೊಂಡು ಅಕ್ಕಿಯ ಕಲ್ಲು ಹೆಕ್ಕಿದ್ದು ಎಲ್ಲ ಆಮೇಲಿನ ಮಾತು. ಎಂಜಿನು ಇನ್ನೂ ಗುರುಗುಟ್ಟುತ್ತಿತ್ತು. ಹಿಂದಿನಿಂದ ಅಮ್ಮನ ದನಿ ಕೇಳಿತು.

"ಮಗಾ, ಇನ್ನು ಮನೆಗೆ ಎಷ್ಟು ದೂರ ಉಂಟು?"