ಇಬ್ಬರೇ ಆಡಿದ ಬಾಸ್ಕೆಟ್‌ಬಾಲ್

ಬಾಸ್ಕೆಟ್‌ಬಾಲಿಗೆ ಒಂದು ಕಡೆ ಐದು ಜನ ಬೇಕು. ನನ್ನ ಮೊಮ್ಮಗಳ ಕಾಲೇಜಿನ ತಂಡದಲ್ಲಿ ನಿಜವಾಗಿ ಆಡುತ್ತಿದ್ದವರು ಇಬ್ಬರೇ. ಒಬ್ಬಳು ಇವಳು, ಇನ್ನೊಬ್ಬಳು ಸಲಗರೆಯಿಂದ ದಿನಾ ಬಸ್ಸಿನಲ್ಲಿ ಮಿರಜಿಗೆ ಬರುವ, ಕನ್ನಡ ಮಾತಾಡುವ ಜೈನರ ಹುಡುಗಿ. ಉಳಿದ ಮೂವರು ಮರಾಠಿ ಹುಡುಗಿಯರು. ಓಡುತ್ತಿದ್ದರು, ಬೆವರುತ್ತಿದ್ದರು, ಅಷ್ಟೇ.

ನಮ್ಮ ಮನೆಯಲ್ಲಿ ಕನ್ನಡ ಉಳಿದಿರುವುದು ನನ್ನ ಬಾಯಲ್ಲಿ. ಮಗ ಸಾಂಗ್ಲಿ ಪೇಟೆಯಲ್ಲಿ ಅರಿಶಿನದ ವ್ಯಾಪಾರ ಮಾಡಿ ಮಾಡಿ ಸಿಟ್ಟು ಬಂದರೂ ಮರಾಠಿಯಲ್ಲೇ ಬೈಯುತ್ತಾನೆ. ಮೊಮ್ಮಗಳಿಗೆ ನನ್ನ ಮಾತು ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಸಲಗರೆಯವಳ ಜೊತೆ ಕೂಡಿದ ಮೇಲೆ ಇಬ್ಬರೂ ಒಂದು ಉಪಾಯ ಹುಡುಕಿದರು: ಆಡುವಾಗ ಕನ್ನಡದಲ್ಲಿ ಕೂಗಬೇಕು, ಎದುರಿನವರಿಗೆ ಏನೂ ತಿಳಿಯಬಾರದು. ಅವತ್ತು ಮೊಮ್ಮಗಳು ತಾನಾಗಿಯೇ ನನ್ನ ಹತ್ತಿರ ಬಂದು ಕೂತು, ಸಲಗರೆಯವಳಿಂದ ಕಲಿತ ಕನ್ನಡದಲ್ಲೇ ಕೇಳಿದಳು.

“ಆಯಿ, ‘ನನ್ನ ಹಿಂದಿಂದ ಬಾ’ ಅನ್ನೂದಕ್ಕ ಸಣ್ಣ ಮಾತ ಹೇಳು.”

“ಹಿಂದ ಬಾ ಅನ್ನು. ಅದಕ್ಕಿಂತ ಸಣ್ಣದ ಬೇಕಂದ್ರ ಸೀಟಿ ಹೊಡಿ.”

ಗೆದ್ದರು. ಕೊಲ್ಲಾಪುರದ ಕಡೆಯವರೂ ಬಾಯಿ ಬಿಟ್ಟುಕೊಂಡು ನಿಂತರಂತೆ. ಹಾಗೆ ಗೆಲ್ಲುತ್ತ ಕೊನೆಯ ಪಂದ್ಯಕ್ಕೆ ಬಂದರು. ಕಾಲೇಜಿನವರು ಮೊದಲೇ ಹೇಳಿಬಿಟ್ಟಿದ್ದರು: ಇದನ್ನು ಗೆದ್ದರೆ ಹುಡುಗಿಯರ ತಂಡ ಇರುತ್ತದೆ, ಸೋತರೆ ಬಂದ್, ಆಡುವ ಜಾಗ ಸ್ಕೂಟರ್ ನಿಲ್ಲಿಸಲು ಬೇಕಾಗಿದೆ.

ಸಾಂಗ್ಲಿಯಲ್ಲಿ ಪಂದ್ಯ. ಮಗನ ಜೊತೆ ನಾನೂ ಹೋಗಿ ಸಿಮೆಂಟಿನ ಮೆಟ್ಟಿಲ ಮೇಲೆ ಕೂತೆ. ಎದುರಿನವರು ಜಾಣರು, ನಮ್ಮ ಇಬ್ಬರಿಗೇ ಗಂಟು ಬಿದ್ದರು. ಉಳಿದವರನ್ನು ಕಣ್ಣೆತ್ತಿಯೂ ನೋಡಲಿಲ್ಲ. ತಳ್ಳಾಟದಲ್ಲಿ ಸಲಗರೆಯವಳ ತಪ್ಪುಗಳು ಹೆಚ್ಚಾಗಿ ಅವಳನ್ನು ಹೊರಗೆ ಕೂಡಿಸಿದರು. ಒಂದೇ ಅಂಕದಿಂದ ಹಿಂದಿದ್ದೆವು, ಆಟ ಮುಗಿಯುತ್ತ ಬಂದಿತ್ತು. ಮೊಮ್ಮಗಳ ಸುತ್ತ ಮೂವರು. ನಮ್ಮ ಆ ಮರಾಠಿ ಹುಡುಗಿಯರಲ್ಲಿ ಒಬ್ಬಳು, ಕವಲಾಪುರದ ಎತ್ತರದ ಹುಡುಗಿ, ಬುಟ್ಟಿಯ ಕೆಳಗೆ ಒಬ್ಬಳೇ ನಿಂತಿದ್ದಳು. ಇವಳು ಚೆಂಡನ್ನು ಅವಳ ಕಡೆ ಎಸೆದು ಕೂಗಿದಳು, “ನೀನ ಹಾಕ! ಹಾಕ!”

ಕನ್ನಡದಲ್ಲಿ ಕೂಗಿದ್ದು ತನಗಲ್ಲ ಎಂಬುದೇ ಆ ಹುಡುಗಿಗೆ ರೂಢಿ. ಚೆಂಡನ್ನು ಎದೆಗೆ ಹಿಡಿದುಕೊಂಡು “ಕಾಯ?” ಎಂದಳು, ಏನು ಎಂದು. ಆಮೇಲೆ ಯಾವಾಗಲೂ ಮಾಡುವಂತೆ ಚೆಂಡನ್ನು ನನ್ನ ಮೊಮ್ಮಗಳಿಗೇ ತಿರುಗಿ ಎಸೆದಳು. ನಡುವೆ ಯಾರದೋ ಕೈ ಬಂತು. ಆಟ ಮುಗಿದ ಸೀಟಿ ಆಯಿತು.

ರಿಕ್ಷಾದಲ್ಲಿ, ರಿಕ್ಷಾದವನಿಗೆ ತಿಳಿಯಬಾರದೆಂದು, ಮಗ ಅಪರೂಪಕ್ಕೆ ಕನ್ನಡದಲ್ಲಿ ಶುರುಮಾಡಿದ. “ಆ ಮೂರೂ ಕಲ್ಲ ಇದ್ದಾಂಗ ಅದಾವ. ಇಬ್ಬರ ಮ್ಯಾಲ ಎಷ್ಟ ನಡೀತದ?”

“ಕಲ್ಲಿಗಿ ಚೆಂಡ ಯಾರ ಕೊಟ್ಟಿದ್ರು?” ಎಂದೆ. “ಇವರಿಬ್ಬರೂ ತಮ್ಮ ತಮ್ಮೊಳಗ ಮನಿ ಮಾಡಿಕೊಂಡ ಕುಂತಿದ್ರು.”

ಮೊಮ್ಮಗಳು ಹೊರಗೆ ನೋಡುತ್ತಲೇ ಹೇಳಿದಳು, “ಮೊದಲ ಕೊಟ್ಟೇವಿ, ಆಯಿ. ಬೀಳಿಸ್ತಿದ್ರು. ಅವರಿಗೇ ಕೊಡ್ತಾ ಹೋಗಿದ್ರ ಮೊದಲನೇ ಆಟಕ್ಕ ಸೋತ ಮನಿಗಿ ಬರತಿದ್ವಿ.”

ಅದೂ ಖರೆ. ಬೀಳಿಸುತ್ತಾರೆಂದು ಕೊಡಲಿಲ್ಲವೋ, ಕೊಡಲಿಲ್ಲವೆಂದು ಬೀಳಿಸಿದರೋ, ಅವರ ಮಾಸ್ತರನಿಗೂ ಗೊತ್ತಿಲ್ಲ.

ಮುಂದಿನ ವಾರ ಬುಟ್ಟಿಯ ಕಂಬ ಕಿತ್ತರು. ಸಲಗರೆಯವಳಿಗೂ ಇವಳಿಗೂ ಮಾತು ಕಡಿಮೆಯಾಯಿತು. ಆಟ ಬಿಟ್ಟರೆ ಅವರ ನಡುವೆ ಬೇರೇನೂ ಇರಲಿಲ್ಲವೆಂದು ಕಾಣುತ್ತದೆ.

ಮೊನ್ನೆ ಕವಲಾಪುರದ ಹುಡುಗಿ ಮನೆಗೆ ಬಂದಿದ್ದಳು. ಚಹಾ ಕೊಟ್ಟೆ. ಅವತ್ತು ಕೂಗಿದ್ದೇನು ಎಂದು ಮರಾಠಿಯಲ್ಲೇ ಕೇಳಿದಳು. ನೀನೇ ಬುಟ್ಟಿಗೆ ಹಾಕು ಅಂದಿದ್ದಳು ಎಂದೆ. ಅವಳು ಉಳಿದ ಚಹಾವನ್ನು ಬಶಿಗೆ ಸುರಿದುಕೊಂಡಳು.

“ತಿಳಿದಿದ್ದರೂ ಹಾಕುತ್ತಿರಲಿಲ್ಲ, ಆಜಿ,” ಎಂದಳು. “ನಾನು ಹಾಕಿದರೆ ಬುಟ್ಟಿಗೆ ಬೀಳುತ್ತಿರಲಿಲ್ಲ.”

ಮೊಮ್ಮಗಳು ಒಳಗೇ ಇದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಹೊರಗೆ ಬರಲಿಲ್ಲ.